ಒಂದು ಮೊಳ ನೆಲದ ಮುಂದೆ ಅರ್ಧ ಗಂಟೆ

ಬೆರಗುಪಡಬೇಕೆಂದರೆ ಬೆಟ್ಟ, ಜಲಪಾತ, ದಟ್ಟ ಕಾಡು ಬೇಕು ಎಂದು ತುಂಬಾ ಜನ ನಂಬಿದ್ದಾರೆ. ಅಂಥ ಜಾಗಕ್ಕೆ ಹೋದಾಗ ಮೊದಲ ಐದು ನಿಮಿಷ ಮೈ ಜುಮ್ಮೆನ್ನುವುದು ನಿಜ. ಆಮೇಲೆ ಫೋಟೊ ತೆಗೆಯುವುದು ಬಿಟ್ಟರೆ ಮಾಡಲು ಏನೂ ಉಳಿಯುವುದಿಲ್ಲ. ಬೆರಗಿನ ಜೊತೆಗೆ ಒಂದು ಪ್ರಶ್ನೆ ಹುಟ್ಟಿದರೆ ಮಾತ್ರ ಅದು ನಿಲ್ಲುತ್ತದೆ. ಪ್ರಶ್ನೆ ಹುಟ್ಟುವುದಕ್ಕೆ ಪುಟ್ಟ ಜಾಗ, ಬೇಕಾದಷ್ಟು ಹೊತ್ತು, ಮತ್ತೆ ಮತ್ತೆ ಅಲ್ಲಿಗೇ ಹೋಗುವ ಹಟ ಸಾಕು.

ಸುಮ್ಮನೆ ಕೂತು ಗಮನಿಸುವ ಈ ಜಾಗ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿರಲಿ. ದೂರದ ಸುಂದರ ಜಾಗ ಆರಿಸಿಕೊಂಡವರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ಎರಡು ನೆಲೆಗಳು ಸೇರುವ ಅಂಚು ಇದ್ದರೆ ಒಳ್ಳೆಯದು: ಹುಲ್ಲು ಮುಗಿದು ಪೊದೆ ಶುರುವಾಗುವಲ್ಲಿ, ನೀರಿನ ದಡದಲ್ಲಿ, ಹಳೆಯ ಗೋಡೆಯ ಬುಡದಲ್ಲಿ. ಎರಡೂ ಕಡೆಯ ಜೀವಿಗಳು ಅಲ್ಲಿ ಓಡಾಡುತ್ತವೆ. ಬೆನ್ನಿಗೆ ಮರವೋ ಗೋಡೆಯೋ ಆಸರೆ ಇರಲಿ, ಕೆಳಗೆ ದಪ್ಪನೆಯ ಚಾಪೆ ಹಾಸಿಕೊಳ್ಳಿ. ಎಷ್ಟೋ ಸಲ ಬೇಗ ಎದ್ದು ಬರುವುದಕ್ಕೆ ಕಾರಣ ಮನಸ್ಸಿನ ಚಂಚಲತೆಗಿಂತ ಹೆಚ್ಚಾಗಿ ಒದ್ದೆ ನೆಲ.

ಹೊತ್ತು ಅರ್ಧ ಗಂಟೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮೂವತ್ತು ನಿಮಿಷಕ್ಕೆ ಅಲಾರಾಂ ಇಟ್ಟು, ಚೀಲದೊಳಗೆ ಹಾಕಿಬಿಡಿ. ಅಲಾರಾಂ ಇದ್ದರೆ ಗಡಿಯಾರ ನೋಡುವ ಚಡಪಡಿಕೆ ಇರುವುದಿಲ್ಲ. ಮೊದಲ ಹತ್ತು ನಿಮಿಷ ಬೇಸರ ಬಂದೇ ಬರುತ್ತದೆ. ನೀವು ಬಂದ ಸದ್ದಿಗೆ ಹಕ್ಕಿಗಳು ದೂರ ಹಾರಿರುತ್ತವೆ ಅಥವಾ ಸುಮ್ಮನಾಗಿರುತ್ತವೆ. ಹತ್ತಿಪ್ಪತ್ತು ನಿಮಿಷ ಅಲ್ಲಾಡದೆ ಕೂತರೆ ಸಾಮಾನ್ಯವಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ. ಹತ್ತು ನಿಮಿಷಕ್ಕೇ ಎದ್ದವರು ತಾವೇ ಎಬ್ಬಿಸಿದ ಗಲಿಬಿಲಿಯನ್ನಷ್ಟೇ ನೋಡಿರುತ್ತಾರೆ.

ಆ ಹತ್ತು ನಿಮಿಷವನ್ನು ಕಣ್ಣು, ಕಿವಿಗಳಿಗೆ ಕೊಡಿ. ನೇರ ಎದುರಿನ ಒಂದು ಕಡ್ಡಿಯ ಮೇಲೆ ದೃಷ್ಟಿ ನಿಲ್ಲಿಸಿ, ಕಣ್ಣು ಕದಲಿಸದೆ ಎಡ ಬಲಗಳ ತುದಿಯಲ್ಲಿ ಏನು ಕಾಣುತ್ತದೆ ಎಂದು ಗಮನಿಸಿ. ಕಣ್ಣಂಚಿನ ನೋಟಕ್ಕೆ ವಿವರ ಕಾಣದಿದ್ದರೂ ಚಲನೆ ಚೆನ್ನಾಗಿ ತಿಳಿಯುತ್ತದೆ. ಪೊದೆಯೊಳಗಿನ ಹಕ್ಕಿ ಹೀಗೇ ಸಿಗುವುದು. ನಂತರ ಕಣ್ಣು ಮುಚ್ಚಿ, ಕೇಳಿಸಿದ ಪ್ರತಿ ಬೇರೆ ಸದ್ದಿಗೂ ಒಂದೊಂದು ಬೆರಳು ಎತ್ತುತ್ತಾ ಹೋಗಿ. ಅಂಗೈಗಳನ್ನು ಕಿವಿಯ ಹಿಂದೆ ಬೊಗಸೆಯಂತೆ ಹಿಡಿದರೆ ಎದುರಿನ ಸದ್ದು ಥಟ್ಟನೆ ಹತ್ತಿರವಾಗುತ್ತದೆ.

ಇಷ್ಟಾದ ಮೇಲೆ ಒಂದು ಮೊಳ ಉದ್ದ, ಒಂದು ಮೊಳ ಅಗಲದ ನೆಲಕ್ಕೆ ಇಳಿಯಿರಿ. ಒಂದೇ ಉಪಕರಣ ಕೊಳ್ಳುವುದಿದ್ದರೆ ಹತ್ತು ಪಟ್ಟು ಹಿಗ್ಗಿಸುವ ಮಡಚುವ ಮಸೂರ ಕೊಳ್ಳಿ. ಇದನ್ನು ಪೇಪರ್ ಓದುವ ಭೂತಗನ್ನಡಿಯಂತೆ ದೂರ ಹಿಡಿದು, ಮಸುಕಾಗಿ ಕಂಡಿತೆಂದು ಬಿಟ್ಟವರು ಬಹಳ. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕೈಯನ್ನು ಕೆನ್ನೆಗೆ ಊರಿ, ನೋಡಬೇಕಾದ ವಸ್ತುವನ್ನೇ ಹತ್ತಿರ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಅದು ಒಮ್ಮೆಗೇ ಸ್ಪಷ್ಟವಾಗುತ್ತದೆ. ನಿಮ್ಮ ತಲೆಯ ನೆರಳು ಅದರ ಮೇಲೆ ಬೀಳದಂತೆ ತಿರುಗಿ ಕುಳಿತುಕೊಳ್ಳಿ.

ನೋಡುವುದಕ್ಕೆ ಏನು ಎಂದು ಕೇಳುವವರಿಗೆ ನನ್ನ ಮೊದಲ ಆಯ್ಕೆ, ಬಿಳಿ ಗೀರು ಬಿದ್ದ ಎಲೆ. ನಿಂಬೆಯ ಎಳೆ ಎಲೆಗಳಲ್ಲಿ ಅಂಕುಡೊಂಕಾದ ಬೆಳ್ಳಿ ಗೆರೆ ಇರುತ್ತದಲ್ಲ, ಅದು ರಂಗೋಲಿ ಹುಳು ಎಲೆಯ ಪದರದೊಳಗೆ ಮೇಯುತ್ತಾ ಕೊರೆದ ಸುರಂಗ. ಗೆರೆ ಎಲ್ಲಿ ಕೂದಲಿನಷ್ಟು ಸಣ್ಣಗಿದೆಯೋ ಅಲ್ಲಿ ಮೊಟ್ಟೆ ಒಡೆಯಿತು. ಹುಳು ಬೆಳೆದಂತೆ ಗೆರೆಯೂ ಅಗಲವಾಗಿದೆ. ನಡುವೆ ಓಡುವ ಕಪ್ಪು ಎಳೆ ಅದರ ಹಿಕ್ಕೆ. ಗೆರೆಯ ಕೊನೆ ಎಲೆಯ ಅಂಚಿಗೆ ಬಂದು, ಅಂಚು ತುಸು ಮಡಚಿಕೊಂಡಿದ್ದರೆ ಹುಳು ಅಲ್ಲಿ ಕೋಶ ಕಟ್ಟಿದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಹುಳು ಇನ್ನೂ ಒಳಗೇ ಇರುತ್ತದೆ. ಒಂದು ಜೀವದ ಬಾಲ್ಯ ಪೂರ್ತಿ, ಶುರುವಿನಿಂದ ಕೊನೆಯವರೆಗೆ, ಒಂದೇ ಎಲೆಯ ಮೇಲೆ ಬರೆದಿಟ್ಟಿದೆ! ಸುರಂಗ ತನ್ನನ್ನು ತಾನೇ ದಾಟಿದೆಯೇ? ನಡುನರವನ್ನು ದಾಟಿದೆಯೇ? ಪಕ್ಕದ ಹತ್ತು ಎಲೆಗಳಲ್ಲಿ ಎಷ್ಟರಲ್ಲಿ ಇದೆ? ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಈ ಪ್ರಶ್ನೆಗಳಲ್ಲಿ ‘ಏಕೆ’ ಎಂಬುದಿಲ್ಲ. ‘ಏಕೆ’ ಎಂದು ಶುರು ಮಾಡಿದರೆ ಉತ್ತರಕ್ಕೆ ಮೊಬೈಲ್ ತೆಗೆಯಬೇಕಾಗುತ್ತದೆ, ಅಲ್ಲಿಗೆ ನೋಡುವುದು ನಿಂತಿತು. ಎಲ್ಲಿ, ಯಾವಾಗ, ಎಷ್ಟು, ಹೀಗೆ ಮಾಡಿದರೆ ಏನಾಗುತ್ತದೆ? ಇವಕ್ಕೆ ಉತ್ತರ ಕಣ್ಣೆದುರೇ ಇರುತ್ತದೆ. ಬೆಳಗ್ಗೆ ಹುಲ್ಲಿನ ತುದಿಯಲ್ಲಿ ಹನಿ ಕಂಡರೆ ಅದು ಇಬ್ಬನಿಯೇ ಎಂದು ಪರೀಕ್ಷಿಸಿ. ಇಬ್ಬನಿಯಾದರೆ ಎಲೆಯ ಮೈಮೇಲೆಲ್ಲ ಇರಬೇಕು, ಪಕ್ಕದ ಕಲ್ಲು, ಒಣಕಡ್ಡಿಗಳೂ ತೇವವಾಗಿರಬೇಕು. ತುದಿಯಲ್ಲಿ ಮಾತ್ರ ಒಂದೊಂದು ದುಂಡು ಹನಿ ಇದ್ದರೆ, ಅದು ಹುಲ್ಲೇ ಹೊರದೂಡಿದ ನೀರು. ರಾತ್ರಿ ಮಣ್ಣು ಹಸಿಯಾಗಿ, ಗಾಳಿಯೂ ತೇವವಾಗಿದ್ದಾಗ ಬೇರು ಎಳೆದ ನೀರು ಆವಿಯಾಗಲಾರದೆ ಎಲೆಯ ತುದಿಯ ರಂಧ್ರದಿಂದ ಜಿನುಗುತ್ತದೆ. ಬಿಸಿಲೇರುವ ಮೊದಲು ಹನಿಯನ್ನು ಬೆರಳಿನಿಂದ ಒರೆಸಿ ಕಾಯಿರಿ, ಪುಟ್ಟ ಹನಿ ಮತ್ತೆ ಮೂಡಬಹುದು. ಇರುವೆ ಸಾಲಿಗೆ ಅಡ್ಡಲಾಗಿ ನೆಲವನ್ನು ಒಮ್ಮೆ ಬೆರಳಿನಿಂದ ಉಜ್ಜುವುದೂ ಇಂಥದ್ದೇ ಪರೀಕ್ಷೆ. ವಾಸನೆಯ ದಾರಿ ಅಳಿಸಿದ ಜಾಗದಲ್ಲಿ ಎರಡೂ ಕಡೆಯ ಇರುವೆಗಳು ತಡವರಿಸುತ್ತವೆ. ದಾರಿ ಮತ್ತೆ ಕೂಡಲು ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸಿ.

ಹೆಸರು ಹೇಳುವ ಆ್ಯಪ್‌ಗಳ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವುಗಳ ಸರದಿ ಕೊನೆಗೆ. ಹೆಸರು ಸಿಕ್ಕ ಕೂಡಲೇ ಗೊತ್ತಾಯಿತು ಎಂಬ ಭಾವನೆ ಬಂದು ಕಣ್ಣು ಮುಂದಕ್ಕೆ ಹೋಗಿಬಿಡುತ್ತದೆ. ಮೊದಲು ಹತ್ತು ನಿಮಿಷ ಗಮನಿಸಿ ಬರೆಯಿರಿ. ಗಿಡ ಪೂರ್ತಿ, ಎಲೆಯ ಮೇಲ್ಮೈ, ಕೆಳಮೈ, ಹೂವು, ಹೀಗೆ ನಾಲ್ಕು ಫೋಟೊ ತೆಗೆದು ಮನೆಯಲ್ಲಿ ಹುಡುಕಿ. ಒಂದೇ ಫೋಟೊ ಕೊಟ್ಟರೆ ಆ್ಯಪ್ ಸುಲಭವಾಗಿ ತಪ್ಪುತ್ತದೆ. ಮಕ್ಕಳು ಜೊತೆಗಿದ್ದು ‘ಇದೇನು’ ಎಂದು ಕೇಳಿದರೆ, ಉತ್ತರ ಗೊತ್ತಿದ್ದರೂ ‘ಎಷ್ಟು ಕಾಲಿದೆ ನೋಡು’ ಎನ್ನಿ.

ಪುಸ್ತಕದಲ್ಲಿ ದಿನಾಂಕ, ಹೊತ್ತು, ಮೋಡ, ಗಾಳಿ, ಒಂದು ಚಿತ್ರ, ಒಂದು ಪ್ರಶ್ನೆ, ನಿಮ್ಮ ಊಹೆ ಇದ್ದರೆ ಸಾಕು. ಚಿತ್ರ ಸೊಟ್ಟಗಿದ್ದರೂ ನಡೆಯುತ್ತದೆ. ಬರೆಯುವಾಗ ಕಣ್ಣು ಹತ್ತು ಸಲ ವಸ್ತುವಿಗೆ ಮರಳುತ್ತದೆ, ಲಾಭ ಅದೇ. ‘ತುಂಬಾ ಸುಂದರವಾಗಿತ್ತು’ ಎಂದು ಬರೆದದ್ದು ಮುಂದಿನ ವಾರ ಉಪಯೋಗಕ್ಕೆ ಬರುವುದಿಲ್ಲ. ‘ಎಲೆಯಡಿ 14 ಹಳದಿ ಮೊಟ್ಟೆ, ಮೂರು ಸಾಲು’ ಎಂದು ಬರೆದದ್ದು ನಿಮ್ಮನ್ನು ಮತ್ತೆ ಅಲ್ಲಿಗೆ ಎಳೆದೊಯ್ಯುತ್ತದೆ.

ಏನನ್ನು ಹುಡುಕಿಕೊಂಡು ಹೋಗುತ್ತೇವೆ ಎಂಬುದು ಮುಖ್ಯ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಿರಿಯರ ಎರಡು ಗುಂಪುಗಳು ಎಂಟು ವಾರ, ವಾರಕ್ಕೊಮ್ಮೆಯಾದರೂ 15 ನಿಮಿಷ ನಡೆದವು. ಒಂದು ಗುಂಪಿಗೆ ಮಾತ್ರ ಬೆರಗಿನ ಸಂಗತಿಗಳನ್ನು ಹುಡುಕಲು ಹೇಳಿದ್ದರು. ಆ ಗುಂಪಿನವರು ತೆಗೆದುಕೊಂಡ ಸೆಲ್ಫಿಗಳಲ್ಲಿ ವಾರಗಳು ಕಳೆದಂತೆ ಅವರ ಆಕೃತಿ ಚಿಕ್ಕದಾಗಿ, ಸುತ್ತಲಿನ ಜಾಗ ಹೆಚ್ಚು ತುಂಬಿಕೊಂಡಿತು.

ಕೆಲವು ಎಚ್ಚರಗಳಿವೆ. ಬಿಲ, ಪೊಟರೆಗಳಿಗೆ ಕೈ ಹಾಕಬೇಡಿ. ಕಂಬಳಿಹುಳುವಿನ ರೋಮ ತಾಗಿದರೆ ಉರಿ, ತುರಿಕೆ. ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಇಡಿ, ಅದರಡಿಯ ತೇವ, ಕತ್ತಲೆಗಳೇ ಕೆಲವು ಜೀವಿಗಳ ಮನೆ.

ಕೆಲವು ತಿಂಗಳಲ್ಲಿ ಬೇಸರವಾದರೆ ಜಾಗ ಬದಲಿಸಬೇಡಿ, ಹೊತ್ತು ಬದಲಿಸಿ. ಅದೇ ನೆಲಕ್ಕೆ ರಾತ್ರಿ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ದೀಪ ಆರಿಸಿ ಇಪ್ಪತ್ತು ಮೂವತ್ತು ನಿಮಿಷ ಕೂರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಬೇಕು. ನಡುವೆ ಒಮ್ಮೆ ಮೊಬೈಲ್ ಬೆಳಗಿದರೂ ಮೊದಲಿನಿಂದ ಶುರು. ಮಂಕಾದದ್ದನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಹೆಚ್ಚು ಕಾಣುತ್ತದೆ. ಟಾರ್ಚ್ ಕೊನೆಗೆ. ಅದನ್ನು ಕಣ್ಣಿನ ಪಕ್ಕದಲ್ಲೇ, ಹಣೆಯ ಬದಿಗೆ ತಾಗಿಸಿ ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿ. ಅಲ್ಲಲ್ಲಿ ಹಸಿರು ಚುಕ್ಕಿಗಳು ಹೊಳೆಯಬಹುದು. ನೀವು ತುಸು ಸರಿದಾಗ ಬಣ್ಣ ಬದಲಿಸಿ ಮಾಯವಾಗುವುದು ನೀರಿನ ಹನಿ. ಒಂದೇ ಸಮನೆ ಹೊಳೆಯುತ್ತಾ ಉಳಿಯುವುದು ಬಹುಮಟ್ಟಿಗೆ ಜೇಡದ ಕಣ್ಣು. ಟಾರ್ಚ್ ಕದಲಿಸದೆ, ಮೆಲ್ಲಗೆ ಹೆಜ್ಜೆ ಹಾಕಿದರೆ ಅದರ ಹತ್ತಿರದವರೆಗೂ ಹೋಗಬಹುದು.