ನಸುಕಿನ ಥಂಡಿಯಲ್ಲಿ ಒಂದೇ ಸೆಲ್ಫಿಗೆ ಟ್ರ್ಯಾಕ್ಟರ್ ಚಾಲೂ: ಡಿಸೆಂಬರ್ ಕೆಲಸದ ದಾಖಲೆ

ಗಾಡಿ: ಹಳೆಯ 40 ಎಚ್‌ಪಿ ಟ್ರ್ಯಾಕ್ಟರ್, ಮೂರು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್, ಇನ್‌ಲೈನ್ ಪಂಪು, 12 ವೋಲ್ಟ್ 88 ಎಎಚ್ ಬ್ಯಾಟರಿ. ಥಂಡಿಯಲ್ಲಿ ಸಿಲಿಂಡರ್ ಬಿಸಿಮಾಡುವ ಹೀಟರ್ ಪ್ಲಗ್ ಇಲ್ಲ. ಜಾಗ: ಗಂಗಾವತಿ–ಕಾರಟಗಿ ನಡುವಿನ ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲು ಸೀಮೆ. ಜನವರಿಯಲ್ಲಿ ಎರಡನೇ ಬೆಳೆಯ ನಾಟಿ ಶುರುವಾದರೆ ಕೇಜ್ ವೀಲ್ (ಕೆಸರುಗದ್ದೆಯ ಕಬ್ಬಿಣದ ಚಕ್ರ) ಹಾಕಿ ನಸುಕಿಗೇ ಗದ್ದೆಗೆ ಇಳಿಸಬೇಕು. ಅಷ್ಟರೊಳಗೆ ಈ ಗಾಡಿ ಎಳೆಸಿಕೊಳ್ಳದೆ, ಇಳಿಜಾರಿನಲ್ಲಿ ನಿಲ್ಲಿಸಿಕೊಳ್ಳದೆ ತಾನೇ ಚಾಲೂ ಆಗಬೇಕು.

ಮೊದಲು ಒಂದು ಲೆಕ್ಕ. ನಮ್ಮ ಕಡೆ ಡಿಸೆಂಬರ್ ನಸುಕು ಅಂದರೆ 12ರಿಂದ 16 ಡಿಗ್ರಿ. ಸರಿ ಇರುವ ಡೀಸೆಲ್ ಎಂಜಿನ್ನಿಗೆ ಇದು ಥಂಡಿಯೇ ಅಲ್ಲ. 17:1 ಕಂಪ್ರೆಶನ್ (ಗಾಳಿಯನ್ನು ಹದಿನೇಳರಲ್ಲೊಂದು ಪಾಲಿಗೆ ಒತ್ತುವುದು) ಇದ್ದು ಸೆಲ್ಫ್ (ಸ್ಟಾರ್ಟರ್ ಮೋಟಾರ್) ಚುರುಕಾಗಿ ತಿರುಗಿಸಿದರೆ 38 ಡಿಗ್ರಿಯ ಗಾಳಿ ಒತ್ತಡಕ್ಕೆ ಸಿಕ್ಕು ಸುಮಾರು 565 ಡಿಗ್ರಿಗೆ ಏರುತ್ತದೆ, 14 ಡಿಗ್ರಿಯ ಗಾಳಿ ಸುಮಾರು 500ಕ್ಕೆ. ಹೋದದ್ದು 65 ಡಿಗ್ರಿ ಮಾತ್ರ. ಆದರೆ ಅದೇ 14 ಡಿಗ್ರಿಯ ಗಾಳಿ, ಎಂಜಿನ್ ನಿಧಾನ ತಿರುಗಿ, ರಿಂಗು–ವಾಲ್ವಿನ ಸಂದಿಯಲ್ಲಿ ಸೋರಿ, ಗೋಡೆಗೆ ಶಾಖ ಕಳೆದುಕೊಂಡರೆ 310ರ ಆಸುಪಾಸಿಗೆ ನಿಂತುಬಿಡಬಹುದು. ಸಿಂಪಡಿಸಿದ ಡೀಸೆಲ್ ಕೆಲವೇ ಮಿಲಿಸೆಕೆಂಡಿನಲ್ಲಿ ಹತ್ತಿಕೊಳ್ಳಲು 400 ಡಿಗ್ರಿಯಾದರೂ ಬೇಕು. ಅಂದಮೇಲೆ ಹುಡುಕಬೇಕಾದ್ದು ಗಾಡಿಯೊಳಗಿನ ಸಣ್ಣ ಸಣ್ಣ ನಷ್ಟಗಳನ್ನು. ಬೇಸಿಗೆಯಲ್ಲಿ ಅವು ಮುಚ್ಚಿಹೋಗುತ್ತವೆ, ಥಂಡಿಯಲ್ಲಿ ಎಲ್ಲ ಒಟ್ಟಿಗೆ ಮೇಲೆ ಬರುತ್ತವೆ.

ಡಿಸೆಂಬರ್ 3

ಆರಂಭದ ಸ್ಥಿತಿ. ರಾತ್ರಿಯಿಡೀ ನಿಂತ ಗಾಡಿ, ಬೆಳಗಿನ 5:30, ಬ್ಲಾಕಿನ ಮೇಲೆ ಥರ್ಮಾಮೀಟರ್ 14 ಡಿಗ್ರಿ. ಹತ್ತು ಹತ್ತು ಸೆಕೆಂಡಿನಂತೆ ಐದು ಸಲ ಸೆಲ್ಫ್ ಹೊಡೆದ ಮೇಲೆ ಚಾಲೂ. ಮೊದಲ ಎರಡು ಸಲ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ, ಆಮೇಲೆ ದಟ್ಟ ಬಿಳಿ ಹೊಗೆ. ಮಧ್ಯಾಹ್ನ ಮುಟ್ಟಿದರೆ ಸಾಕು, ಚಾಲೂ.

ಈ ಹೊಗೆಯನ್ನು ಓದುವುದು ಎಲ್ಲಕ್ಕಿಂತ ಮುಖ್ಯ. ಹೊಗೆ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಹತ್ತಿಕೊಳ್ಳುತ್ತಿಲ್ಲ. ಇಲ್ಲಿ ಎರಡೂ ಇವೆ, ಅಂದರೆ ಇಂಧನದ ದಾರಿಯಲ್ಲೊಂದು ದೋಷ, ಶಾಖದ ಕಡೆ ಇನ್ನೊಂದು.

ಅಳತೆಯ ನಿಯಮ: ದಿನಕ್ಕೆ ಒಂದೇ ಪರೀಕ್ಷೆ, ಒಂದೇ ಬದಲಾವಣೆ. ಒಮ್ಮೆ ಚಾಲೂ ಆದ ಎಂಜಿನ್ ಮರುದಿನದ ನಸುಕಿನವರೆಗೆ ಲೆಕ್ಕಕ್ಕಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

ಡಿಸೆಂಬರ್ 4–6: ಕರೆಂಟಿನ ದಾರಿ

ಡೀಸೆಲ್ ಹೋಗದಂತೆ ಸ್ಟಾಪ್ ನಾಬ್ ಎಳೆದಿಟ್ಟು ಸೆಲ್ಫ್ ಹೊಡೆಯುತ್ತ ಮಲ್ಟಿಮೀಟರಿನಲ್ಲಿ ಅಳೆದದ್ದು: ಸುಮ್ಮನಿದ್ದಾಗ ಬ್ಯಾಟರಿ 12.4 ವೋಲ್ಟ್, ಸೆಲ್ಫ್ ತಿರುಗುವಾಗ ಬ್ಯಾಟರಿ ಕಂಬದಲ್ಲಿ 10.1, ಸೆಲ್ಫಿನ ಬೋಲ್ಟಿನಲ್ಲಿ 8.3. ನಡುದಾರಿಯಲ್ಲೇ 1.8 ವೋಲ್ಟ್ ಮಾಯ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ ಲೇಸರ್ ಟ್ಯಾಕೋಮೀಟರ್ ಹಿಡಿದರೆ 128 ಆರ್‌ಪಿಎಂ. ಇಂಥ ಎಂಜಿನ್ನಿಗೆ 150ಕ್ಕಿಂತ ಕೆಳಗೆ ಕಷ್ಟ, 180 ದಾಟಿದರೆ ನೆಮ್ಮದಿ.

1.8 ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆದಾಗ 0.5. ಮೈನಸ್ ಕಂಬದಿಂದ ಸೆಲ್ಫಿನ ಮೈಗೆ ಇಟ್ಟಾಗ 1.3. ತಪ್ಪು ಅರ್ಥಿನಲ್ಲಿದೆ, ಅಂದರೆ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಜೋಡಿಸುವ ದಾರಿಯಲ್ಲಿ. ಪಡ್ಲಿಂಗ್ (ಗದ್ದೆಯ ಕೆಸರು ಕಲಸುವ ಕೆಲಸ) ಮಾಡುವ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ: ಕೇಜ್ ವೀಲ್ ಎರಚಿದ ಕೆಸರು ಅರ್ಥ್ ಬೋಲ್ಟಿನ ಸಂದಿಗೆ ಹೊಕ್ಕು, ಒಣಗಿ, ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಬೋಲ್ಟ್ ಬಿಗಿಯಾಗಿಯೇ ಕಾಣುತ್ತದೆ. ಕಣ್ಣಿಂದ ನೋಡಿ ಅರ್ಥ್ ಸರಿಯಿದೆ ಎನ್ನಬೇಡಿ, ಮೀಟರ್ ಇಟ್ಟು ನೋಡಿ.

ಮಾಡಿದ್ದು: 50 ಚದರ ಮಿ.ಮೀ. ತಾಮ್ರದ ಹೊಸ ಕೇಬಲ್, ನೇರ ಸೆಲ್ಫ್ ಕೂರಿಸುವ ಬೋಲ್ಟಿಗೆ. ಕೇಬಲ್ ತುದಿಯ ಲಗ್ಗನ್ನು ಸುತ್ತಿಗೆಯಿಂದ ಚಚ್ಚದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದೆವು. ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮರಳು ಕಾಗದ ಹಾಕಿ, ಬೋಲ್ಟ್ ಬಿಗಿದ ಮೇಲೆ ವ್ಯಾಸಲೀನ್. ಬಿಗಿಯುವ ಮೊದಲೇ ದಪ್ಪನಾಗಿ ಹಚ್ಚಿದರೆ ಸಂಪರ್ಕಕ್ಕೆ ಅಡ್ಡಿ.

ಬ್ಯಾಟರಿಯ ನೀರಿನ ಸಾಂದ್ರತೆಯನ್ನು ಹೈಡ್ರೋಮೀಟರ್ 1.230 ತೋರಿಸಿತು. ಆದರೆ ಈ ಅಳತೆ 27 ಡಿಗ್ರಿಗೆ ಹೊಂದಿಸಿದ್ದು. ಕೆಳಗಿನ ಪ್ರತಿ ಡಿಗ್ರಿಗೆ 0.0007 ಕಳೆದರೆ ನಿಜವಾದದ್ದು 1.221, ಪೂರ್ತಿ ಚಾರ್ಜ್ ಆಗಿಲ್ಲ. 8 ಆಂಪಿಯರಿನಲ್ಲಿ ರಾತ್ರಿಯಿಡೀ ಚಾರ್ಜ್ ಕೊಟ್ಟು, ಸಡಿಲವಾಗಿದ್ದ ಆಲ್ಟರ್ನೇಟರ್ ಬೆಲ್ಟನ್ನು ಹೆಬ್ಬೆರಳಿಗೆ 10–12 ಮಿ.ಮೀ. ಬಗ್ಗುವಷ್ಟು ಬಿಗಿ ಮಾಡಲಾಯಿತು.

ಫಲ: ಸೆಲ್ಫಿನಲ್ಲಿ 9.7 ವೋಲ್ಟ್, 171 ಆರ್‌ಪಿಎಂ. ಮೂರನೇ ಹೊಡೆತಕ್ಕೆ ಚಾಲೂ.

ಡಿಸೆಂಬರ್ 8: ಆಯಿಲ್

ಒಳಗಿದ್ದದ್ದು ಎಸ್‌ಎಇ 40. ಬಿಸಿಯಾದ ಎಂಜಿನ್ನಿನಲ್ಲಿ ಇದಕ್ಕೂ 15ಡಬ್ಲ್ಯೂ-40ಕ್ಕೂ ಹೆಚ್ಚು ಅಂತರವಿಲ್ಲ. ಉಷ್ಣತೆ ಇಳಿದಷ್ಟೂ ಎಸ್‌ಎಇ 40 ಬೇಗ ಗಟ್ಟಿಯಾಗುತ್ತದೆ. ಸವೆದ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಪ್ರೆಶರ್ ನಿಲ್ಲುತ್ತದೆ ಎಂದು ಹಾಕುವವರಿದ್ದಾರೆ, ನಸುಕಿನಲ್ಲಿ ಅದರ ಬೆಲೆ ತೆರುವುದು ಸೆಲ್ಫ್. ಫಿಲ್ಟರ್ ಸಮೇತ 15ಡಬ್ಲ್ಯೂ-40ಗೆ ಬದಲಾವಣೆ: 186 ಆರ್‌ಪಿಎಂ. ಕ್ಲಚ್ ಪೂರ್ತಿ ಒತ್ತಿ ಹಿಡಿದರೆ ಗೇರ್ ಆಯಿಲಿನ ಎಳೆತ ತಪ್ಪಿ ಇನ್ನೂ 10 ಸಿಗುತ್ತದೆ. ಈ ಹತ್ತಕ್ಕೆ ಖರ್ಚೇ ಇಲ್ಲ.

ಡಿಸೆಂಬರ್ 10–13: ಡೀಸೆಲ್ ದಾರಿ

ಮೊದಲ ಹೊಡೆತಕ್ಕೆ ಹೊಗೆ ಇಲ್ಲದಿರುವುದು ಹಾಗೇ ಉಳಿದಿತ್ತು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಪೈಪನ್ನು ಪರೀಕ್ಷೆಗೆಂದು 8 ಮಿ.ಮೀ. ಪಾರದರ್ಶಕ ಪೈಪಿಗೆ ಬದಲಿಸಿದೆವು. ಸಂಜೆ ತುಂಬಿದ್ದ ಪೈಪಿನಲ್ಲಿ ಬೆಳಿಗ್ಗೆ ಗೇಣುದ್ದ ಗಾಳಿ.

ಟ್ಯಾಂಕ್ ಮೇಲಿದ್ದರೆ ಸೋರುವ ಜಾಗ ಒದ್ದೆಯಾಗಿ ತಾನೇ ಹೇಳುತ್ತದೆ. ಈ ಗಾಡಿಯಲ್ಲಿ ಟ್ಯಾಂಕ್ ಪಂಪಿಗಿಂತ ಕೆಳಗಿದೆ, ಹೀಗಾಗಿ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಲ್ಲೂ ಒದ್ದೆ ಇಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದಲ್ಲ.

ಸಿಕ್ಕ ದೋಷಗಳು ಮೂರು. ಪೈಪ್ ಜೋಡಿಸುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರುಗಳು ಮತ್ತೆ ಮತ್ತೆ ಬಿಗಿದು ಗಡಸಾಗಿದ್ದವು. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ, ಆದರೂ ಹೊಸವನ್ನೇ ಹಾಕಲಾಯಿತು, ಬೆಲೆ ಅಷ್ಟು ಕಡಿಮೆ. ಕೈಪಂಪಿನ ಪಿಸ್ಟನ್ ಸೀಲ್ ಒಣಗಿ ಸೀಳಿತ್ತು. ಪಂಪಿನ ಓವರ್‌ಫ್ಲೋ ವಾಲ್ವಿನ ಗುಂಡು ಕಸ ಸಿಕ್ಕಿ ಕೂರುತ್ತಿರಲಿಲ್ಲ, ರಾತ್ರಿಯಿಡೀ ಗ್ಯಾಲರಿಯ (ಪಂಪಿನೊಳಗೆ ಡೀಸೆಲ್ ತುಂಬಿರುವ ಜಾಗ) ಡೀಸೆಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಇಳಿಯುತ್ತಿತ್ತು. ಈ ವಾಲ್ವನ್ನು ಬಹಳ ಮಂದಿ ಬಿಚ್ಚಿಯೇ ನೋಡುವುದಿಲ್ಲ.

ಗಾಳಿ ತೆಗೆದ ಕ್ರಮ: ಕೈಪಂಪ್ ಒತ್ತುತ್ತ ಮೊದಲ ಫಿಲ್ಟರಿನ ಸ್ಕ್ರೂ, ಎರಡನೆಯದು, ಪಂಪಿನ ಗ್ಯಾಲರಿಯ ಸ್ಕ್ರೂ. ಗುಳ್ಳೆ ನಿಂತು ಗಟ್ಟಿ ಧಾರೆ ಬಂದಮೇಲೆಯೇ ಬಿಗಿ. ಕೊನೆಗೆ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್. ಆಗ ಕೈ ಹತ್ತಿರ ತರಬೇಡಿ, ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.

ಬ್ಯಾರಲ್ಲಿನ ಡೀಸೆಲ್ ಬಗ್ಗೆ ಒಂದು ಮಾತು. ಡೀಸೆಲ್ಲಿನ ಭಾರತೀಯ ಮಾನದಂಡವಾದ ಐಎಸ್ 1460 ಪ್ರಕಾರ ನವೆಂಬರ್‌ನಿಂದ ಫೆಬ್ರವರಿವರೆಗೆ ಚಳಿಗಾಲದ ದರ್ಜೆ, ಅದರ ಪೋರ್ ಪಾಯಿಂಟ್ (ಡೀಸೆಲ್ ಇನ್ನೂ ಹರಿಯುವ ಕನಿಷ್ಠ ಉಷ್ಣತೆ) ಗರಿಷ್ಠ 3 ಡಿಗ್ರಿ. ಉಳಿದ ತಿಂಗಳುಗಳಲ್ಲಿ ಅದು 15 ಡಿಗ್ರಿಯವರೆಗೂ ಇರಬಹುದು. ಸೆಪ್ಟೆಂಬರಿನಲ್ಲಿ ತುಂಬಿಸಿಟ್ಟ ಬ್ಯಾರಲ್ಲಿನಲ್ಲಿ 12 ಡಿಗ್ರಿಯ ನಸುಕಿಗೆ ಮೇಣ ಮೋಡದಂತೆ ಕಟ್ಟಿ ಫಿಲ್ಟರಿಗೆ ಅಡ್ಡವಾಗುವ ಸಾಧ್ಯತೆ ಇದೆ. ಹಳೆಯ ಡೀಸೆಲ್ಲನ್ನು ಬಿಸಿಲು ಏರಿದ ಮೇಲಿನ ಕೆಲಸಕ್ಕೆ ಖರ್ಚು ಮಾಡಿ, ರಾತ್ರಿ ಟ್ಯಾಂಕಿನಲ್ಲಿ ಹೊಸದು ಇರಲಿ. ಸೀಮೆಎಣ್ಣೆ ಬೆರೆಸುವ ಅಗತ್ಯ ಇಲ್ಲಿಲ್ಲ, ಅದು ಪಂಪಿನ ಜಾರಿಕೆಯನ್ನು ಕಡಿಮೆ ಮಾಡುತ್ತದೆ.

ಫಲ: ಮೊದಲ ಸೆಕೆಂಡಿನಿಂದಲೇ ಹೊಗೆ, ಎರಡನೇ ಹೊಡೆತಕ್ಕೆ ಚಾಲೂ. ಬಿಳಿ ಹೊಗೆ ಮಾತ್ರ ಹಾಗೇ.

ಡಿಸೆಂಬರ್ 16–18: ಕಂಪ್ರೆಶನ್, ನಾಜಲ್

ನಾಜಲ್ ತೂತಿಗೆ ಅಡಾಪ್ಟರ್ ಕೂರಿಸಿ 70 ಬಾರ್ ಗೇಜಿನಲ್ಲಿ ಅಳತೆ (ಪೆಟ್ರೋಲ್ ಗೇಜ್ ಇಲ್ಲಿ ಒಡೆದುಹೋಗುತ್ತದೆ): 27, 26, 19. ಮೂರನೆಯದು ಸೋಮಾರಿ. ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದಿ) ನೋಡಿದರೆ ಅದರ ಎಕ್ಸಾಸ್ಟ್ ಸಂದಿ 0.30 ಇರಬೇಕಾದಲ್ಲಿ 0.10 ಮಿ.ಮೀ. ಸೀಟು ಸವೆದು ವಾಲ್ವ್ ಒಳಗೆ ಹೋದಂತೆ ಸಂದಿ ಕಿರಿದಾಗುತ್ತದೆ, ಟಕಟಕ ಸದ್ದೂ ಬರುವುದಿಲ್ಲ, ಅದಕ್ಕೇ ಯಾರ ಗಮನಕ್ಕೂ ಬಂದಿರುವುದಿಲ್ಲ. ಸರಿಪಡಿಸಿದ ಮೇಲೆ 23. ಒಂದು ಚಮಚ, ಸುಮಾರು 5 ಮಿ.ಲೀ. ಆಯಿಲ್ ಒಳಗೆ ಬಿಟ್ಟು ಮತ್ತೆ ಅಳೆದರೆ 24. ರಿಂಗು ಸೋರುತ್ತಿದ್ದರೆ ಅಂಕಿ ಚೆನ್ನಾಗಿ ಏರಬೇಕಿತ್ತು, ಏರಲಿಲ್ಲ. ಉಳಿದ ಸೋರಿಕೆ ವಾಲ್ವ್ ಸೀಟಿನದು. ಚಮಚಕ್ಕಿಂತ ಹೆಚ್ಚು ಆಯಿಲ್ ಬಿಡಬೇಡಿ. ಪಿಸ್ಟನ್ ಮೇಲಿನ ಜಾಗವೇ ಕಿರಿದು, ತುಂಬಿಕೊಂಡರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ನಾಜಲ್ ಟೆಸ್ಟರಿನಲ್ಲಿ ಎರಡು ಸರಿ ಮಂಜು ಬಿಟ್ಟವು, ಮೂರನೆಯದು ತೊಟ್ಟಿಕ್ಕಿತು. ಅದಕ್ಕೆ ಹೊಸ ನಾಜಲ್, ಶಿಮ್ ಹಾಕಿ ಪುಸ್ತಕದ ಒತ್ತಡಕ್ಕೆ ಹೊಂದಾಣಿಕೆ, ಮೂರಕ್ಕೂ ಹೊಸ ತಾಮ್ರದ ವಾಷರ್. ಏರ್ ಕ್ಲೀನರಿನ ಬಟ್ಟಲಲ್ಲಿ ನೆಲ್ಲಿನ ರಾಶಿಯ ಧೂಳು ಕೆಸರಾಗಿ ಕೂತಿತ್ತು, ತೊಳೆದು ಗೆರೆಯ ಮಟ್ಟಕ್ಕೆ ಹೊಸ ಆಯಿಲ್.

ಡಿಸೆಂಬರ್ 20–25

ಆರು ನಸುಕು, 12ರಿಂದ 15 ಡಿಗ್ರಿ. ಎಲ್ಲವೂ ಮೊದಲ ಹೊಡೆತಕ್ಕೆ, 3ರಿಂದ 5 ಸೆಕೆಂಡಿನಲ್ಲಿ ಚಾಲೂ. ಬಿಳಿ ಹೊಗೆ ಅರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ.

ಈಗಿನ ಕ್ರಮ: ಕೈಪಂಪ್ ಗಟ್ಟಿಯಾಗುವವರೆಗೆ ಒತ್ತು, ಸ್ಟಾಪ್ ನಾಬ್ ಒಳಗೆ, ಹೈಡ್ರಾಲಿಕ್ ಲಿವರ್ ಕೆಳಗೆ, ಕ್ಲಚ್ ಪೂರ್ತಿ, ಎಕ್ಸಿಲರೇಟರ್ ಪೂರ್ತಿ, ಸೆಲ್ಫ್. 10 ಸೆಕೆಂಡಿಗೆ ಹಿಡಿಯದಿದ್ದರೆ ಒಂದು ನಿಮಿಷ ಬಿಡುವು, ಇಲ್ಲದಿದ್ದರೆ ಸೆಲ್ಫಿನ ಸುರುಳಿ ಸುಡುತ್ತದೆ. ಹಿಡಿದ ತಕ್ಷಣ ಎಕ್ಸಿಲರೇಟರ್ ಇಳಿಸಿ 1000ದ ಸುತ್ತ ಎರಡು ಮೂರು ನಿಮಿಷ.

ಏರ್ ಕ್ಲೀನರಿನ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು ಈ ಕ್ರಮದಲ್ಲಿಲ್ಲ. ಬಟ್ಟೆಯ ಕಿಡಿ ಒಳಗೆ ಹೋಗುತ್ತದೆ. ಈಥರ್ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಹತ್ತಿಕೊಂಡು ರಿಂಗು ಮುರಿಯುತ್ತದೆ. ರಿಂಗು ಮುರಿದ ಎಂಜಿನ್ನಿಗೆ ಮರುದಿನ ಈಥರ್ ಇನ್ನೂ ಹೆಚ್ಚು ಬೇಕಾಗುತ್ತದೆ.

ಬಾಕಿ: ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸೀಟು. ನಾಟಿ ಮುಗಿದು ಗಾಡಿ ಬಿಡುವಾದಾಗ ಹೆಡ್ ಇಳಿಸಿ ಗ್ರೈಂಡ್ ಮಾಡಬೇಕು, ಆಗಲೇ ಪಂಪಿನ ಟೈಮಿಂಗನ್ನೂ ಪರೀಕ್ಷಿಸಬೇಕು. ಅಲ್ಲಿವರೆಗೆ ಆ ಟ್ಯಾಪೆಟ್ ಸಂದಿಯನ್ನು 50 ಗಂಟೆಗೊಮ್ಮೆ ಅಳೆದು ಇಲ್ಲಿ ಬರೆಯಲಾಗುವುದು.