ಭಾನುವಾರದ ಪುಡ್ಡಿಂಗ್

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಭಾನುವಾರವೆಂದರೆ ರೋಸ್ಟ್ ಊಟ, ಅಂದರೆ ಓವನ್‌ನಲ್ಲಿ ಬೇಯಿಸಿದ ಮಾಂಸದ ಊಟ. ಅದರ ಜೊತೆಗಿನ, ಸಿಹಿಯಲ್ಲದ ಯಾರ್ಕ್‌ಷೈರ್ ಪುಡ್ಡಿಂಗ್ ಮಾಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಮೊಟ್ಟೆ, ಮೈದಾ, ಹಾಲು ಸಮ ಅಳತೆ. ಜೊತೆಗೆ ಸಣ್ಣಗೆ ಹೆಚ್ಚಿದ ಥೈಮ್, ರೋಸ್‌ಮರಿ ಎಂಬ ಪರಿಮಳದ ಸೊಪ್ಪು. ಓವನ್ 220 ಡಿಗ್ರಿ. ಅಚ್ಚಿನಲ್ಲಿ ಎಣ್ಣೆ ಹೊಗೆಯಾಡುವಾಗ ಹಿಟ್ಟು ಹೊಯ್ದರೆ ಚುಂಯ್ ಎಂದು ಅಂಚು ಅಲ್ಲೇ ಗಟ್ಟಿಯಾಗುತ್ತದೆ, ಉಳಿದದ್ದನ್ನು ಆವಿ ಮೇಲಕ್ಕೆ ನೂಕುತ್ತದೆ. ಸೋಡಾ ಬೇಡ, ಯೀಸ್ಟ್ ಬೇಡ. ನಡುವೆ ಬಾಗಿಲು ತೆರೆಯಬಾರದು, ಅಷ್ಟೇ; ಅದಕ್ಕೆ ಮಗಳೇ ಕಾವಲು.

ನಾಲ್ಕು ಇಂಚು ಏಳದಿದ್ದರೆ ಅದು ಯಾರ್ಕ್‌ಷೈರ್ ಪುಡ್ಡಿಂಗೇ ಅಲ್ಲ ಎಂದು 2008ರಲ್ಲಿ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಹೇಳಿತ್ತು. ರಸಾಯನಶಾಸ್ತ್ರಜ್ಞರಿಗೂ ಎಂಥೆಂಥ ಚಿಂತೆ!

ಹಿಂದೆ ಇದನ್ನು ಗ್ರೇವಿಯೊಂದಿಗೆ ಮೊದಲೇ ಬಡಿಸುತ್ತಿದ್ದರಂತೆ, ಹೊಟ್ಟೆ ತುಂಬಿ ದುಬಾರಿ ಮಾಂಸ ಕಡಿಮೆ ಖರ್ಚಾಗಲಿ ಎಂದು. ಆ ಅಜ್ಜಿಯರ ಲೆಕ್ಕ ಈಗಲೂ ತಪ್ಪಿಲ್ಲ. ನಮ್ಮಲ್ಲಿ ಅರ್ಧ ಕುರಿಮಾಂಸ ಹಾಗೇ ಉಳಿಯಿತು.