ಊರುಭಂಗದ ಆಡಿಷನ್
ಇವತ್ತು ಸಂಜೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಆಡಿಷನ್ ಕೊಟ್ಟು ಬಂದೆ. ಸಂಸ್ಕೃತ ನಾಟಕಕಾರ ಭಾಸನ 'ಊರುಭಂಗ' ನಾಟಕ, ಕನ್ನಡದಲ್ಲಿ. ಬಯಲಲ್ಲೇ ಆಟ, ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ನೋಡಬಹುದು. ನನಗೆ ಓದೋಕೆ ಕೊಟ್ಟಿದ್ದು ದುರ್ಯೋಧನನ ಮಾತು. ಭೀಮನ ಗದೆ ಏಟಿಗೆ ತೊಡೆ ಮುರಿದು ಬಿದ್ದಿರುತ್ತಾನೆ, ಪುಟ್ಟ ಮಗ ದುರ್ಜಯ ಬಂದು ತೊಡೆ ಮೇಲೆ ಕೂರುತ್ತೇನೆ ಅನ್ನುತ್ತಾನೆ, ಅಪ್ಪ ಬೇಡ ಅನ್ನಬೇಕು. ಅಲ್ಲಿಗೆ ಬಂದಾಗ ಗಂಟಲು ಕಟ್ಟಿತು, ಕೈಯಲ್ಲಿದ್ದ ಹಾಳೆ ನಡುಗುತ್ತಿತ್ತು, ನನ್ನ ಮಗಳೂ ನಾನು ಕೆಲಸದಿಂದ ಬಂದ ಕೂಡಲೇ ಹಾಗೇ ಓಡಿ ಬಂದು ಕೂರುತ್ತಾಳೆ ಅಲ್ವಾ. ಸಂಸ್ಕೃತ ನಾಟಕಗಳಲ್ಲಿ ರಂಗದ ಮೇಲೆ ಸಾವು ತೋರಿಸೋದು ತೀರಾ ಅಪರೂಪ. ಭಾಸ ತೋರಿಸಿದ, ಅದೂ ದುರ್ಯೋಧನನ ಸಾವು. ಆ ಪಾತ್ರ ಸಿಗದಿದ್ದರೂ ಪರವಾಗಿಲ್ಲ, ಶುರುವಲ್ಲಿ ಯುದ್ಧ ವರ್ಣಿಸುವ ಮೂವರು ಸೈನಿಕರಲ್ಲಿ ಒಬ್ಬನಾದರೂ ಆಗಬೇಕು. ಭಾನುವಾರ ಹೇಳುತ್ತಾರಂತೆ.